ಜೇನು ಕುಟುಂಬವೊಂದು ಆಟದ ಪಾತ್ರವಾದ ಬಗೆ: ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ಬಸವನಗುಡಿಯ ಮನೆಯೊಂದರ ಊಟದ ಮೇಜಿನ ಸುತ್ತ ಹದಿನೈದು ದಿನಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ನಾವು ಐದು ಜನ ಕೂಡುತ್ತೇವೆ. ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅದರಲ್ಲೂ 2014ರ ಐದನೆಯ ಆವೃತ್ತಿಯ ನಿಯಮಗಳಂತೆ. ನಾಲ್ವರು ತಲಾ ಒಂದು ಪಾತ್ರ ವಹಿಸುತ್ತಾರೆ. ಐದನೆಯವನಾದ ನಾನು ಡಿಎಂ (ಡಂಜನ್ ಮಾಸ್ಟರ್), ಎಂದರೆ ಆ ಪಾತ್ರಗಳು ಸಂಚರಿಸುವ ಲೋಕವನ್ನೂ ಅಲ್ಲಿ ಎದುರಾಗುವ ಉಳಿದೆಲ್ಲರನ್ನೂ ನಡೆಸುವವನು. ವೇಷವಿಲ್ಲದೆ ಕುಳಿತಲ್ಲೇ ಮಾತಿನಿಂದ ಪಾತ್ರ ಕಟ್ಟುವ ತಾಳಮದ್ದಲೆಯನ್ನು ಕಂಡವರಿಗೆ ಈ ಆಟದ ಸ್ವರೂಪ ಬೇಗ ಅರ್ಥವಾಗುತ್ತದೆ. ವ್ಯತ್ಯಾಸವಿಷ್ಟೇ: ಅಲ್ಲಿ ಪ್ರಸಂಗ ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದು ಅರ್ಥಧಾರಿಗೂ ಕೇಳುಗರಿಗೂ ಮೊದಲೇ ಗೊತ್ತಿರುತ್ತದೆ, ಇಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ, ಸಂದೇಹ ಬಂದಲ್ಲೆಲ್ಲ ಇಪ್ಪತ್ತು ಮುಖದ ದಾಳ ಉರುಳಿ ತೀರ್ಮಾನ ಹೇಳುತ್ತದೆ.

ನಿಯಮಪುಸ್ತಕದ ಅಚ್ಚಿಗೆ ಹೊಂದದ ಪಾತ್ರವನ್ನು ಆಟಗಾರರೊಬ್ಬರು ಕೇಳಿದಾಗ ಏನು ಮಾಡಬೇಕೆಂಬ ಪ್ರಶ್ನೆಯನ್ನು ಡಿಎಂ ಆದ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಎದುರಿಸುತ್ತಾರೆ. ನಮ್ಮ ಮೇಜಿನಲ್ಲಿ ಅದು ಎದುರಾದ ಒಂದು ಸಂದರ್ಭವನ್ನು, ನಾನು ಮಾಡಿದ ಎರಡು ದೊಡ್ಡ ತಪ್ಪುಗಳೊಂದಿಗೆ, ಮೊದಲಿನಿಂದ ಕೊನೆಯವರೆಗೆ ಇಲ್ಲಿ ದಾಖಲಿಸುತ್ತಿದ್ದೇನೆ. ಆಟಗಾರರ ಒಪ್ಪಿಗೆ ಪಡೆದಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಕೇಳಿಕೆ

ಹೊಸ ಕಥೆಯನ್ನು ಮೂರನೆಯ ಲೆವೆಲ್‌ನಿಂದ, ಎಂದರೆ ಪಾತ್ರದ ಬಲ ಏರುವ ಮೆಟ್ಟಿಲುಗಳಲ್ಲಿ ಮೂರನೆಯದರಿಂದ, ಆರಂಭಿಸುವುದೆಂದು ನಿಶ್ಚಯವಾಗಿ, ಯಾರಿಗೆ ಯಾವ ಪಾತ್ರವೆಂಬ ಮಾತು ನಡೆಯುತ್ತಿತ್ತು. ಮೈಸೂರಿನ ಗೆಳೆಯ ರೋಗ್ ಆಡುವೆನೆಂದ; ಬೀಗ ತೆರೆಯುವುದು, ಸದ್ದಿಲ್ಲದೆ ನುಸುಳುವುದು, ಬೇಹು ನೋಡಿ ಬರುವುದು ಆ ಪಾತ್ರದ ಕಸುಬು. ಧಾರವಾಡದವರು ದೇವರ ಬಲದಿಂದ ಗಾಯ ವಾಸಿಮಾಡುವ ಕ್ಲೆರಿಕ್ ಪಾತ್ರವನ್ನೂ, ಇನ್ನೊಬ್ಬರು ಮಂತ್ರವಾದಿಯನ್ನೂ ಆರಿಸಿಕೊಂಡರು. ನಾಲ್ಕನೆಯವರು ಪುತ್ತೂರಿನ ಕಡೆಯವರು, ಮನೆಮಾತು ತುಳು. ಅವರು ತಮಗೆ ಜೇನಾಗಬೇಕೆಂದರು. ಒಂದು ಜೇನುನೊಣವಲ್ಲ, ಜೇನುನೊಣದ ರೂಪದ ಮನುಷ್ಯಳೂ ಅಲ್ಲ. ಸಾವಿರಾರು ನೊಣಗಳು ಕೂಡಿ ಒಂದೇ ಮನಸ್ಸಾಗಿ ಯೋಚಿಸುವ ಇಡೀ ಗೂಡು.

ನನ್ನ ಬಾಯಿಗೆ ಮೊದಲು ಬಂದ ಮಾತು ಆಗದು ಎಂಬುದೇ. ಅದನ್ನು ನುಂಗಿಕೊಂಡು ಎರಡು ದಿನ ಸಮಯ ಕೇಳಿದೆ. ಈಗ ಹಿಂದಿರುಗಿ ನೋಡಿದರೆ, ಈ ಇಡೀ ಪ್ರಕರಣದಲ್ಲಿ ನಾನು ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ ಆ ಎರಡು ದಿನಗಳೇ.

ಈ ಪ್ರಶ್ನೆ ಆಟದಷ್ಟೇ ಹಳೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಮೊದಲ ನಿಯಮಪುಸ್ತಿಕೆಗಳಲ್ಲೇ, ಆಟಗಾರ ಬೇಕಾದರೆ ಡ್ರ್ಯಾಗನ್ ಕೂಡ ಆಗಬಹುದು, ಆದರೆ ಎಳೆಯ ದುರ್ಬಲ ಮರಿಯಾಗಿ ಆರಂಭಿಸಿ ಮೆಲ್ಲಗೆ ಬೆಳೆಯಬೇಕು ಎಂಬ ಅರ್ಥದ ಮಾತಿದೆ. ಐದು ವರ್ಷಗಳ ಬಳಿಕ, 1979ರಲ್ಲಿ ಬಂದ ಡಿಎಂಗಳ ಕೈಪಿಡಿಯಲ್ಲಿ ಅದೇ ಗೈಗ್ಯಾಕ್ಸ್ ರಾಕ್ಷಸ ಜೀವಿಗಳನ್ನು ಪಾತ್ರವಾಗಿ ಆಡುವ ಬಯಕೆಯನ್ನು ಬಲವಾಗಿ ನಿರುತ್ತೇಜಿಸಿದರು. ಇವೆರಡಕ್ಕೂ ಮೊದಲು, ಆರ್ನೆಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ ಒಬ್ಬ ಆಟಗಾರನ ಪಾತ್ರ ವ್ಯಾಂಪೈರ್ ಆಗಿ, ಸರ್ ಫ್ಯಾಂಗ್ ಎಂಬ ಹೆಸರಿನಿಂದ ಉಳಿದವರೆಲ್ಲರ ಮೇಲೆ ಮೇಲುಗೈ ಸಾಧಿಸಿತ್ತು. ಅದನ್ನು ಎದುರಿಸಲೆಂದು ಪಾದ್ರಿಯ ಪಾತ್ರವೊಂದನ್ನು ರೂಪಿಸಬೇಕಾಯಿತು, ಮುಂದೆ ಅದೇ ಕ್ಲೆರಿಕ್ ಆಯಿತು. ಒಂದು ವಿಚಿತ್ರ ಪಾತ್ರಕ್ಕೆ ಲಂಗುಲಗಾಮಿಲ್ಲದೆ ಒಪ್ಪಿಗೆ ಕೊಟ್ಟದ್ದರ ಪರಿಹಾರವಾಗಿ ಹುಟ್ಟಿದ್ದನ್ನೇ ನಮ್ಮ ಧಾರವಾಡದವರು ಇಂದು ಸಹಜವೆಂಬಂತೆ ಆರಿಸಿಕೊಳ್ಳುತ್ತಾರೆ ಎಂಬುದು ಆ ಎರಡು ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಬೇಡವೆನ್ನುವುದು ಸುಲಭ, ಸರಿಯೆನ್ನುವುದೂ ಸುಲಭ. ಸರಿಯೆಂದ ಮೇಲೆ ಅದರ ಭಾರ ಯಾರ ಹೆಗಲ ಮೇಲೆ ಬೀಳುತ್ತದೆಂದು ನೋಡುವುದೇ ಕಷ್ಟದ ಕೆಲಸ.

ಮೊದಲು ಅಂಕಿಗಳನ್ನು ನೋಡಿದೆ. ನಿಯಮಪುಸ್ತಕದಲ್ಲಿ ಕೀಟಗಳ ಹಿಂಡಿಗೆ ಸಿದ್ಧ ಲೆಕ್ಕವೊಂದಿದೆ: 22 ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲದೆಂಬ ಅಂಕಿ), ಒಂದು ಕಡಿತಕ್ಕೆ ನಾಲ್ಕು ಮುಖದ ನಾಲ್ಕು ದಾಳಗಳ ಮೊತ್ತ, ಅಂದರೆ ಸರಾಸರಿ 10ರಷ್ಟು ಹಾನಿ. ಮೂರನೆಯ ಲೆವೆಲ್‌ನ ರೋಗ್‌ಗೆ ಇರುವುದು ಸುಮಾರು 21 ಹಿಟ್ ಪಾಯಿಂಟ್. ಹೊಂಚುಹಾಕಿ ಹೊಡೆದರೆ ಅವನು 13ರಷ್ಟು ಹಾನಿ ಮಾಡಬಲ್ಲ. ಇಷ್ಟರಲ್ಲಿ ಹೆಚ್ಚೇನೂ ಏರುಪೇರಿಲ್ಲ. ತೊಡಕಿರುವುದು ಉಳಿದ ಸಾಲುಗಳಲ್ಲಿ. ಕತ್ತಿ, ಬಾಣ, ದೊಣ್ಣೆ ಮೂರರಿಂದಲೂ ಹಿಂಡಿಗೆ ಅರ್ಧ ಪೆಟ್ಟು ಮಾತ್ರ. ಅದನ್ನು ಹಿಡಿಯಲಾಗದು, ಕೆಡವಲಾಗದು, ಕಟ್ಟಿಹಾಕಲಾಗದು, ಹೆದರಿಸಲಾಗದು. ನೊಣ ತೂರುವಷ್ಟು ಬಿರುಕಿದ್ದರೆ ಯಾವ ಗೋಡೆಯನ್ನೂ ಅದು ದಾಟುತ್ತದೆ. ಇಷ್ಟೆಲ್ಲ ಕೊಟ್ಟ ನಿಯಮವೇ ಇನ್ನೊಂದು ಕೈಯಿಂದ ಕಸಿದುಕೊಂಡದ್ದೂ ಇದೆ: ಹಿಂಡಿಗೆ ಕೈಯಿಲ್ಲ, ಮಾತಿಲ್ಲ, ಮತ್ತು ಕಳೆದುಕೊಂಡ ಹಿಟ್ ಪಾಯಿಂಟ್ ಯಾವ ಚಿಕಿತ್ಸೆಯಿಂದಲೂ ಮರಳುವುದಿಲ್ಲ. ಒಂದು ಕಾಳಗದಲ್ಲಿ ಎದುರಾಗಿ ಮುಗಿದುಹೋಗುವ ಶತ್ರುವಿಗೆ ಬರೆದ ಲೆಕ್ಕವದು. ವರ್ಷವಿಡೀ ಗೆಳೆಯರೊಡನೆ ನಡೆಯಬೇಕಾದ ಪಾತ್ರಕ್ಕೆ ಬರೆದದ್ದಲ್ಲ.

ಎರಡು ದಿನದ ಬಳಿಕ ಫೋನಿನಲ್ಲಿ ನಾನು ಒಂದು ಸಿದ್ಧ ಉತ್ತರ ಕೊಟ್ಟೆ. 2020ರಲ್ಲಿ ಬಂದ ಪೂರಕ ನಿಯಮಪುಸ್ತಕವೊಂದರಲ್ಲಿ ಸ್ವಾರ್ಮ್‌ಕೀಪರ್ ಎಂಬ ರೇಂಜರ್, ಎಂದರೆ ಕಾಡುಮೇಡು ಅಲೆಯುವ ಯೋಧೆ, ಇದ್ದಾಳೆ, ಅವಳ ಮೈಸುತ್ತ ಸದಾ ಕೀಟಗಳ ಹಿಂಡು ಹಾರಾಡುತ್ತದೆ, ಅದನ್ನೇ ಆಡಬಹುದಲ್ಲ ಎಂದೆ.

"ಅದು ಜೇನು ಸಾಕುವವಳ ಕಥೆ ಅಲ್ವಾ ಅಣ್ಣ," ಎಂದರು ಅವರು. "ಜೇನು ಸಾಕುವವರು ನಮ್ಮ ಮನೆಯಲ್ಲೇ ಇದ್ದಾರೆ. ನನಗೆ ಜೇನೇ ಆಗಬೇಕು."

ಆಗ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: ಜೇನಾದರೆ ಮೇಜಿನ ಮುಂದೆ ಕುಳಿತಾಗ ನಿಮಗೆ ಏನು ಮಾಡುವ ಆಸೆ? ಉತ್ತರ ಮುಕ್ಕಾಲು ಗಂಟೆ ಹಿಡಿಯಿತು. ಅವರ ತಂದೆಯ ಅಡಿಕೆ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿದ್ದವು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಾಣು ದಕ್ಷಿಣ ಭಾರತದ ತುಡುವೆ ಜೇನುಗಳನ್ನು ಬಹುಪಾಲು ಅಳಿಸಿಹಾಕಿದಾಗ ಅವರ ತೋಟದ ಪೆಟ್ಟಿಗೆಗಳೂ ಒಂದೊಂದಾಗಿ ಬರಿದಾದವು. ಇವರು ಹುಟ್ಟಿದ್ದು ಅದರ ನಂತರ. ಬಾಲ್ಯದಲ್ಲಿ ಕಂಡದ್ದು ಹಿತ್ತಲಲ್ಲಿ ಪೇರಿಸಿಟ್ಟ ಖಾಲಿ ಪೆಟ್ಟಿಗೆಗಳನ್ನು, ಮತ್ತು ಕೆಲವು ವರ್ಷಗಳ ಮೇಲೆ ಮರದ ಪೊಟರೆಯಿಂದ ಹಿಡಿದು ತಂದ ಕುಟುಂಬವೊಂದು ಮತ್ತೆ ಅದರಲ್ಲಿ ನೆಲೆಯಾದದ್ದನ್ನು. "ಹಿಂಡು ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಕುಟುಂಬ ಅಂತಲೇ ಹೇಳುವುದು. ಈ ಪೆಟ್ಟಿಗೆಯಲ್ಲಿ ಕುಟುಂಬ ಉಂಟು, ಆ ಪೆಟ್ಟಿಗೆಯಲ್ಲಿ ಇಲ್ಲ, ಹಾಗೆ." ಗೋಡೆ ದಾಟುವ ಶಕ್ತಿಯಾಗಲಿ ಕತ್ತಿಗೆ ಬಗ್ಗದ ಮೈಯಾಗಲಿ ಅವರಿಗೆ ಬೇಕಿರಲಿಲ್ಲ, ಅವುಗಳ ಬಗ್ಗೆ ಅವರು ಯೋಚಿಸಿಯೇ ಇರಲಿಲ್ಲ. ಬೇಕಿದ್ದದ್ದು ಎರಡು ಸಂಗತಿಗಳು: ಒಬ್ಬಳಾಗಿ ಅಲ್ಲದೆ ಹಲವರಾಗಿ ಮಾತಾಡುವುದು, ಮತ್ತು ತನ್ನಲ್ಲಿ ಕೆಲವರು ಸತ್ತರೂ ತಾನು ಉಳಿಯುವುದೆಂದರೆ ಏನೆಂದು ಆಡಿ ನೋಡುವುದು. ನಾನು ಎರಡು ದಿನ ತಲೆ ಕೆಡಿಸಿಕೊಂಡಿದ್ದ ಅಂಕಿಗಳಲ್ಲಿ ಒಂದೂ ಈ ಎರಡಕ್ಕೆ ಸಂಬಂಧಿಸಿರಲಿಲ್ಲ.

ಮರದ ಒಡಲು

ವಿಚಿತ್ರವಾದದ್ದು ಪಾತ್ರದ ತಿರುಳಿನಲ್ಲಿರಲಿ, ಲೆಕ್ಕವೆಲ್ಲ ಎಲ್ಲರದ್ದರಂತೆಯೇ ಇರಲಿ ಎಂಬ ನೆಲೆಯಿಂದ ಹೊರಟೆವು. ಜೇನಿಗೆ ಒಂದು ಗೂಡು ಬೇಕು. ಆ ಗೂಡೇ ನಡೆಯುವಂತಿದ್ದರೆ? ಇದೇ ಆಟದ ಎಬೆರಾನ್ ಎಂಬ ಕಲ್ಪಿತ ಲೋಕದ 2019ರ ಪುಸ್ತಕದಲ್ಲಿ ವಾರ್‌ಫೋರ್ಜ್ಡ್ ಎಂಬ ಜನಾಂಗವಿದೆ, ಮರ, ಕಲ್ಲು, ಲೋಹಗಳಿಂದ ಕಟ್ಟಿ ಜೀವ ತುಂಬಿದ ಆಳುಗಳು. ಅದನ್ನು ನಾವು ನಮ್ಮ ಕಥೆಗೆ ಒಗ್ಗಿಸಿದೆವು: ಬಂದರಿನಲ್ಲಿ ಮೂಟೆ ಹೊರಲೆಂದು ಯಾರೋ ಹಲಸಿನ ಮರದಲ್ಲಿ ಕಟ್ಟಿದ ಆಳು, ಅದರೊಳಗಿನ ಮಂತ್ರ ಕೆಟ್ಟ ಮೇಲೆ ತೋಟದ ಮೂಲೆಯಲ್ಲಿ ಬಿಸುಟದ್ದು. ಅದರ ಟೊಳ್ಳು ಎದೆಯಲ್ಲಿ ಜೇನು ಕುಟುಂಬವೊಂದು ಎರಿ ಕಟ್ಟಿತು, ದಿನ ಕಳೆದಂತೆ ಆ ಒಡಲನ್ನು ಆಡಿಸಲು ಕಲಿತಿತು. ನಾನು ಉತ್ಸಾಹದಿಂದ ಹೆಜ್ಜೇನು ಎಂದು ಬರೆದುಕೊಂಡಿದ್ದೆ. ಹೆಜ್ಜೇನು ಬಯಲಲ್ಲಿ, ಎತ್ತರದ ಕೊಂಬೆಗೋ ಬಂಡೆಗೋ ಒಂದೇ ಎರಿ ಕಟ್ಟುತ್ತದೆ, ಮುಚ್ಚಿದ ಜಾಗದಲ್ಲಿ ಸಾಲು ಸಾಲಾಗಿ ಎರಿ ಕಟ್ಟುವುದು ತುಡುವೆ ಎಂದು ಅವರು ತಿದ್ದಿದರು. ಎದೆಯೊಳಗೆ ಸಮಾನಾಂತರವಾಗಿ ತೂಗುವ ಏಳು ಎರಿಗಳ ಚಿತ್ರವನ್ನು ಅಂದೇ ಕ್ಯಾರೆಕ್ಟರ್ ಶೀಟಿನ ಹಿಂಬದಿಯಲ್ಲಿ ಬಿಡಿಸಿದರು.

ಕಸುಬಿಗೆ ಮತ್ತೆ ಅದೇ ಸ್ವಾರ್ಮ್‌ಕೀಪರ್ ಬಂದಿತು. ಫೋನಿನಲ್ಲಿ ತಿರಸ್ಕರಿಸಿದ್ದನ್ನು ಅವರು ಈಗ ನಗುತ್ತ ಒಪ್ಪಿದ್ದು ಹೇಗೆಂದರೆ, ಈ ಸಲ ಸಾಕುವವರು ಯಾರು, ಸಾಕಿಸಿಕೊಳ್ಳುವವರು ಯಾರು ಎಂಬುದು ತಿರುವುಮುರುವಾಗಿತ್ತು. ಮರದಾಳು ಬರಿಯ ಮನೆ. 'ನಾನು' ಎನ್ನುವುದು ಒಳಗಿನ ಜೇನು. ಕಾಗದದ ಮೇಲೆ ಒಂದು ಅಂಕಿಯೂ ಬದಲಾಗಲಿಲ್ಲ. ರೇಂಜರ್‌ನ ಬಾಣ ಗುರಿ ಮುಟ್ಟಿದಾಗ ಹಿಂಡು ಮಾಡಬಹುದಾದ ಮೂರು ಕೆಲಸಗಳು ನಿಯಮದಲ್ಲಿ ಮೊದಲೇ ಇವೆ: ಆರು ಮುಖದ ಒಂದು ದಾಳದಷ್ಟು ಹೆಚ್ಚುವರಿ ಹಾನಿ, ಅಥವಾ ಎದುರಾಳಿಯನ್ನು 15 ಅಡಿ ತಳ್ಳುವುದು, ಅಥವಾ ತಾನೇ 5 ಅಡಿ ಸರಿದುಕೊಳ್ಳುವುದು. ಕುಟುಕಿದ ಕೆಲಸಗಾರ ನೊಣ ಸಾಯುತ್ತದೆಂಬುದನ್ನು ಬಲ್ಲ ಅವರು, ಇಡೀ ಕಥೆಯಲ್ಲಿ ಹೆಚ್ಚುವರಿ ಹಾನಿಯನ್ನು ಆರಿಸಿಕೊಂಡದ್ದು ನನ್ನ ನೆನಪಿನಂತೆ ನಾಲ್ಕೇ ಬಾರಿ. ಉಳಿದಂತೆಲ್ಲ ಜೇನು ಮುಖದ ಸುತ್ತ ಮುತ್ತಿ ಶತ್ರುವನ್ನು ಹಿಂದಕ್ಕೆ ಸರಿಸುತ್ತಿತ್ತು. ಆ ನಾಲ್ಕು ಬಾರಿಯೂ ಮೇಜಿನ ಸುತ್ತ ಮಾತು ನಿಂತಿತ್ತು.

ಕೊಟ್ಟು ತೆಗೆದುಕೊಳ್ಳುವ ಲೆಕ್ಕವೂ ನಡೆಯಿತು, ಮತ್ತು ಅದರಲ್ಲಿ ಕಡಿತದ ಸಲಹೆಗಳೆಲ್ಲ ಬಂದದ್ದು ಅವರಿಂದಲೇ. ವಾರ್‌ಫೋರ್ಜ್ಡ್‌ಗೆ ವಿಷದ ಹಾನಿ ಅರ್ಧದಷ್ಟೇ. ತೋಟಕ್ಕೆ ಹೊಡೆಯುವ ಔಷಧಿಗೆ ಸಾಯುವ ಜೇನಿಗೆ ಇದು ಸಲ್ಲದೆಂದು ಅವರು ಅದನ್ನು ಬಿಟ್ಟುಕೊಟ್ಟರು. ಬದಲಿಗೆ ವಾಸನೆಯಿಂದ ಏನನ್ನಾದರೂ ಪತ್ತೆಹಚ್ಚುವಾಗ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಲು ನಾನು ಅವಕಾಶ ಕೊಟ್ಟೆ. ಉಸಿರಾಡಬೇಕಿಲ್ಲವೆಂಬ ಅನುಕೂಲವೂ ಹೋಯಿತು, ಏಕೆಂದರೆ ಹೊಗೆ ಜೇನಿನ ದೌರ್ಬಲ್ಯವಾಗಬೇಕಿತ್ತು. ಹೊಗೆ ತಾಗಿದರೆ ಜೇನುಗಳ ನಡುವಿನ ಅಪಾಯದ ವಾಸನೆ ಮುಚ್ಚಿಹೋಗುತ್ತದೆ, ಅವು ತುಪ್ಪ ಹೀರಿಕೊಂಡು ಸುಮ್ಮನಾಗುತ್ತವೆ. ಹಾಗಾಗಿ ಹೊಗೆಯಿರುವಲ್ಲಿ ಹಿಂಡಿನ ಮೂರು ಕೆಲಸಗಳಲ್ಲಿ ಯಾವುದೂ ನಡೆಯದೆಂದು ಬರೆದುಕೊಂಡೆವು. ರಾಣಿಯ ವಿಷಯ ಒಂದೇ ಮಾತಿನಲ್ಲಿ ಮುಗಿಯಿತು: ಅವರನ್ನು ಕೇಳದೆ ನಾನು ರಾಣಿಯ ಮೇಲೆ ಕೈಮಾಡುವುದಿಲ್ಲ.

ಹಿಟ್ ಪಾಯಿಂಟ್ ಮಾತ್ರ ಸ್ವಲ್ಪ ಕಾಡಿತು. ಅವರ ಪಾತ್ರಕ್ಕೆ 28 ಇದ್ದವು, ಅದು ಮೂರನೆಯ ಲೆವೆಲ್‌ನ ಯಾವ ರೇಂಜರ್‌ಗೂ ಇರಬಹುದಾದಷ್ಟೇ. ಪೆಟ್ಟು ಬಿದ್ದರೆ ಜೇನು ಸಾಯುತ್ತದೆ ಎಂದುಕೊಂಡರೆ, ರಾತ್ರಿ ಎಂಟು ಗಂಟೆಗಳ ಕಾಲ ವಿಶ್ರಮಿಸಿದೊಡನೆ ಎಲ್ಲ ಹಿಟ್ ಪಾಯಿಂಟ್ ಮರಳುವುದು ಹೇಗೆ? ಮೊಟ್ಟೆ ಕೆಲಸಗಾರ ನೊಣವಾಗಲು ಸುಮಾರು ಮೂರು ವಾರ ಬೇಕು. ನಿಯಮವನ್ನು ಬದಲಿಸಿ ಚಿಕಿತ್ಸೆಯನ್ನು ನಿಧಾನಗೊಳಿಸೋಣವೆಂಬ ಯೋಚನೆ ನನಗೆ ಬಂದಿತ್ತು. ಹಾಗೆ ಮಾಡಿದ್ದರೆ ಅವರ ಪಾತ್ರ ಪ್ರತಿ ಎರಡನೆಯ ಕಾಳಗಕ್ಕೂ ಹೊರಗುಳಿಯುತ್ತಿತ್ತು. ಪರಿಹಾರ ಹೇಳಿದವರು ಕ್ಲೆರಿಕ್ ಆಡುವ ಧಾರವಾಡದವರು. ಪೆಟ್ಟು ಬಿದ್ದು ಚೆದರಿದ ಜೇನು ಸಂಜೆಯಾದಂತೆ ಗೂಡಿಗೆ ಮರಳುತ್ತದೆ ಎಂದಿರಲಿ. ಹಿಟ್ ಪಾಯಿಂಟ್ ಕಳೆಯುವುದೆಂದರೆ ಚೆದರುವುದು, ಕೂಡುವುದೆಂದರೆ ಮನೆ ಸೇರುವುದು. ಸಾವು ಬೇರೆ, ಅದನ್ನು ಆಟಗಾರ್ತಿಯೇ ಬಯಸಿದಾಗ ಹೇಳುತ್ತಾರೆ. ಆಮೇಲೆ ಪ್ರತಿ ರಾತ್ರಿಯ ವಿಶ್ರಾಂತಿಯಲ್ಲೂ, ಕತ್ತಲಾಗುವ ಹೊತ್ತಿಗೆ ಒಂದೊಂದೇ ಜೇನು ಮರದ ಎದೆಯ ಕಿಂಡಿಗೆ ಬಂದು ಸೇರುವುದನ್ನು ಅವರು ಎರಡು ವಾಕ್ಯದಲ್ಲಿ ವರ್ಣಿಸುತ್ತಿದ್ದರು. ಕ್ಲೆರಿಕ್ ಆ ಹೊತ್ತಿಗೆ ದೀಪ ಹಚ್ಚಿ ಕಿಂಡಿಯ ಬಳಿ ಇಡುವ ರೂಢಿ ಮಾಡಿಕೊಂಡಳು. ಯಾವ ನಿಯಮದಲ್ಲೂ ಇಲ್ಲದ ಆ ದೀಪ ಕೊನೆಯವರೆಗೂ ತಪ್ಪಲಿಲ್ಲ.

ಬೀಗದ ಕಿಂಡಿಯಲ್ಲಿ ಒಂದು ಜೇನು

ನನ್ನ ಮೊದಲ ತಪ್ಪು ಮೊದಲ ಸೆಷನ್ನಿನಲ್ಲೇ ಆಯಿತು. ಮುಚ್ಚಿದ ಉಗ್ರಾಣದ ಬಾಗಿಲ ಮುಂದೆ ನಿಂತಾಗ ಅವರು, ಬೀಗದ ಕಿಂಡಿಯಿಂದ ಒಂದು ಜೇನನ್ನು ಒಳಗೆ ಕಳಿಸಬಹುದೇ ಎಂದು ಕೇಳಿದರು. ಅಷ್ಟು ದಿನ ಕೂಡಿ ಕಟ್ಟಿದ ಪಾತ್ರ ಕಣ್ಣೆದುರು ಜೀವ ತಳೆಯುತ್ತಿದ್ದ ಸಂತೋಷದಲ್ಲಿ ನಾನು ಹಿಂದುಮುಂದು ನೋಡದೆ ಒಪ್ಪಿದೆ. ಒಳಗೆ ಮೂವರು ಕಾವಲುಗಾರರಿದ್ದಾರೆ, ಒಬ್ಬ ತೂಕಡಿಸುತ್ತಿದ್ದಾನೆ, ಕೀಲಿಕೈ ಎಡಗಡೆಯ ಮೊಳೆಯಲ್ಲಿದೆ ಎಂದೆಲ್ಲ ಹೇಳಿಯೂ ಬಿಟ್ಟೆ. ಮೂರನೆಯ ಲೆವೆಲ್‌ನ ಸ್ವಾರ್ಮ್‌ಕೀಪರ್‌ಗೆ ನಿಯಮದಲ್ಲಿ ಇಂಥ ಬೇಹಿಗೆ ಅವಕಾಶವೇ ಇಲ್ಲ. ಮೂರು ಸೆಷನ್ ಇದೇ ನಡೆಯಿತು. ಪ್ರತಿ ಬಾಗಿಲಿಗೂ ಒಂದು ಜೇನು, ಪ್ರತಿ ಜೇನಿಗೂ ನನ್ನಿಂದ ಪೂರ್ಣ ವರದಿ.

ನಾಲ್ಕನೆಯ ಸೆಷನ್ ಮುಗಿದ ಮೇಲೆ ಮೈಸೂರಿನ ಗೆಳೆಯ ಚಪ್ಪಲಿ ಮೆಟ್ಟಿಕೊಳ್ಳುತ್ತ, ಮುಂದಿನ ಬಾರಿ ಬೇರೆ ಪಾತ್ರ ತರಲೇ ಎಂದು ಕೇಳಿದ. ದೂರಿನ ದನಿಯಿರಲಿಲ್ಲ. ಆಮೇಲೆ ನನ್ನ ಟಿಪ್ಪಣಿ ಪುಸ್ತಕ ತೆರೆದು ನೋಡಿದೆ: ಆ ನಾಲ್ಕು ಸೆಷನ್‌ಗಳಲ್ಲಿ ರೋಗ್ ನುಸುಳಲೆಂದು ದಾಳ ಉರುಳಿಸಿದ್ದು ಒಂದೇ ಬಾರಿ. ಪಾತ್ರವೊಂದು ತೀರ ಬಲಶಾಲಿಯಾಗಿದೆಯೇ ಎಂದು ನಾನು ಹಾನಿಯ ಅಂಕಿಗಳಲ್ಲಿ ಹುಡುಕುತ್ತಿದ್ದೆ. ತೂಕ ತಪ್ಪಿದ್ದು ಹಾನಿಯಲ್ಲಲ್ಲ, ಒಬ್ಬನ ಕಸುಬು ಇನ್ನೊಬ್ಬರ ಕೈಗೆ ಹೋದದ್ದರಲ್ಲಿ. ಅದೂ ಆಟಗಾರ್ತಿ ಕಸಿದುಕೊಂಡದ್ದಲ್ಲ, ಡಿಎಂ ಆದ ನಾನು ಎತ್ತಿ ಕೊಟ್ಟದ್ದು. ಜೇನು ಪಾತ್ರದವರಿಗೆ ಇದನ್ನು ಹೇಳಿದಾಗ ಅವರು ಬಹಳ ನೊಂದುಕೊಂಡರು, ಜೇನನ್ನು ಕಳಿಸುವುದನ್ನೇ ನಿಲ್ಲಿಸುತ್ತೇನೆಂದರು. ನಿಲ್ಲಿಸಿದ್ದರೆ ಪಾತ್ರದ ಜೀವವೇ ಹೋಗುತ್ತಿತ್ತು. ಕೊಟ್ಟದ್ದನ್ನು ಕಿತ್ತುಕೊಳ್ಳದೆ ಅದರ ಅರ್ಥವನ್ನು ಸರಿಪಡಿಸುವ ದಾರಿ ಹುಡುಕಬೇಕಿತ್ತು.

ದಾರಿ ಜೇನಿನಲ್ಲೇ ಇತ್ತು. ಒಂದು ಒಂಟಿ ಜೇನು ಗೂಡಿಗೆ ತರುವ ಸುದ್ದಿ ಎಂಥದ್ದು? ಆಸ್ಟ್ರಿಯದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಜೀವಮಾನವಿಡೀ ಇದನ್ನು ಅಭ್ಯಾಸ ಮಾಡಿ 1973ರ ನೊಬೆಲ್ ಪ್ರಶಸ್ತಿಯ ಪಾಲುದಾರರಾದರು. ಮೇವು ಕಂಡು ಬಂದ ನೊಣ ಎರಿಯ ಮೇಲೆ ಮೈ ಒಲೆದು ಕುಣಿಯುತ್ತದೆ. ಕುಣಿತದ ಓಟ ನೆಟ್ಟಗಿನ ಗೆರೆಯಿಂದ ಎಷ್ಟು ವಾಲಿದೆಯೋ ಸೂರ್ಯನ ದಿಕ್ಕಿನಿಂದ ಮೇವು ಅಷ್ಟು ವಾಲಿದ ದಿಕ್ಕಿನಲ್ಲಿದೆ. ಒಲೆದಾಟ ಎಷ್ಟು ಹೊತ್ತೋ ದೂರ ಅಷ್ಟು. ಹುರುಪು ಹೆಚ್ಚಿದ್ದರೆ ಮೇವು ಒಳ್ಳೆಯದು. ದಿಕ್ಕು, ದೂರ, ಹೋಗಲು ತಕ್ಕುದೇ ಎಂಬುದು. ಅಲ್ಲಿ ಯಾರಿದ್ದಾರೆ, ಎಷ್ಟು ಜನ, ಏನು ಮಾತಾಡುತ್ತಿದ್ದಾರೆ ಎಂಬುದು ಆ ಕುಣಿತದಲ್ಲಿಲ್ಲ.

ಐದನೆಯ ಸೆಷನ್‌ನಿಂದ ನಾವು ಇದನ್ನೇ ಪದ್ಧತಿ ಮಾಡಿಕೊಂಡೆವು. ಜೇನನ್ನು ಕಳಿಸಿದಾಗ ನಾನು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಒಂದು ಸಣ್ಣ ಚೀಟಿಯಲ್ಲಿ ಒಂದು ಬಾಣದ ಗುರುತು, ಹೆಜ್ಜೆಗಳ ಒಂದು ಸಂಖ್ಯೆ, ಅದರಡಿಯಲ್ಲಿ ಒಂದರಿಂದ ಮೂರರವರೆಗೆ ಚುಕ್ಕೆ ಹಾಕಿ ಕೊಡುತ್ತಿದ್ದೆ. ಚುಕ್ಕೆ ಹೆಚ್ಚಿದ್ದರೆ ಅಲ್ಲೇನೋ ಮುಖ್ಯವಾದದ್ದಿದೆ. ಅದು ನಿಧಿಯೋ, ಹಾವೋ, ಹೂವಿನ ಕುಂಡವೋ ತಿಳಿಯದು. ಅವರು ಚೀಟಿಯನ್ನು ನೋಡಿ ಮೇಜಿನ ಮೇಲೆ ರೋಗ್‌ನತ್ತ ಸರಿಸುತ್ತಿದ್ದರು. ಗೆಳೆಯ ಅದನ್ನು ತಿರುಗಿಸಿ ಮುರುಗಿಸಿ ನಕ್ಷೆಯ ಮೇಲಿಟ್ಟು, "ಹದಿನೆಂಟು ಹೆಜ್ಜೆ, ಬಲಕ್ಕೆ, ಮೂರು ಚುಕ್ಕೆ. ಸರಿ, ಹೋಗಿ ನೋಡಿಬರ್ತೀನಿ" ಎನ್ನುತ್ತಿದ್ದ. ನೋಡಿಬರುವ ಕೆಲಸ ಅವನಿಗೆ ಮರಳಿತು, ಮೊದಲಿಗಿಂತ ಹೆಚ್ಚಿನ ಕುತೂಹಲದೊಂದಿಗೆ. ಒಮ್ಮೆ ಮೂರು ಚುಕ್ಕೆಯ ಚೀಟಿ ಹಿಡಿದು ಮಾಡು ಹತ್ತಿ, ಉಸಿರು ಬಿಗಿಹಿಡಿದು ಹೋದವನಿಗೆ ಸಿಕ್ಕಿದ್ದು ಅಟ್ಟದ ಮೇಲೆ ಬೆಲ್ಲದ ಡಬ್ಬಿಗಳು. ಜೇನಿಗೆ ಅದಕ್ಕಿಂತ ಮುಖ್ಯವಾದದ್ದೇನಿದೆ? ಬೇರೆ ಪಾತ್ರದ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಎಂಕುಲು, ನಮ

ಎರಡನೆಯ ತಪ್ಪು ಭಾಷೆಯಲ್ಲಿ ಆಯಿತು, ಮತ್ತು ಅದನ್ನು ನಾನು ಯಾವ ನಿಯಮಪುಸ್ತಕ ಓದಿಯೂ ಮುಂಗಾಣಲು ಸಾಧ್ಯವಿರಲಿಲ್ಲ. ಹಲವರಾಗಿ ಮಾತಾಡಬೇಕೆಂಬುದು ಈ ಪಾತ್ರದ ತಿರುಳಲ್ಲವೇ? ಹಾಗಾಗಿ ಅವರು ಮೊದಲಿನಿಂದಲೂ 'ನಾನು' ಎನ್ನದೆ 'ನಾವು' ಎನ್ನುತ್ತಿದ್ದರು. ನಾವು ಸೇತುವೆ ದಾಟುತ್ತೇವೆ, ನಮಗೆ ಅನುಮಾನ ಬಂದಿದೆ, ಹೀಗೆ. ಆರನೆಯ ಸೆಷನ್ನಿನಲ್ಲಿ ಪಾಳು ಗುಡಿಯೊಂದರ ಬಾಗಿಲಲ್ಲಿ ಎಲ್ಲರೂ ನಿಂತಿದ್ದಾಗ ಅವರು, ನಾವು ಒಳಗೆ ಹೋಗುತ್ತೇವೆ ಎಂದರು. ನಾನು ಅದನ್ನು ನಾಲ್ವರ ಪರವಾಗಿ ಆಡಿದ ಮಾತೆಂದು ತಿಳಿದೆ. ನೆಲ ಕುಸಿಯಿತು, ನಾಲ್ಕೂ ಪಾತ್ರಗಳು ಬಿದ್ದವು, ಮಂತ್ರವಾದಿಗೆ ಪ್ರಾಣ ಹೋಗುವಷ್ಟು ಪೆಟ್ಟಾಯಿತು.

"ನಾವು ಅಂದ್ರ ಯಾರ್ರೀ? ನಾ ಅಂತೂ ಹೊರಗ ನಿಂತೀನಿ," ಎಂದು ಧಾರವಾಡದವರು ಎದ್ದೇ ನಿಂತರು. ಅವರು ಕೇಳಿದ್ದು ಸರಿಯಾಗಿತ್ತು. ಇಪ್ಪತ್ತು ನಿಮಿಷದ ವಾದದ ನಂತರ ನಾನು ಆ ಬೀಳುವಿಕೆಯನ್ನು ಹಿಂದಕ್ಕೆ ತೆಗೆದುಕೊಂಡೆ, ಮರದಾಳು ಮಾತ್ರ ಹೊಂಡದಲ್ಲಿ ಉಳಿಯಿತು. ಆದರೆ ಪ್ರಶ್ನೆ ಉಳಿದೇ ಇತ್ತು. ಕನ್ನಡದ 'ನಾವು' ಎದುರಿಗಿರುವವರನ್ನು ಸೇರಿಸಿಕೊಂಡಿದೆಯೋ ಬಿಟ್ಟಿದೆಯೋ ಎಂಬುದನ್ನು ಆ ಪದ ಹೇಳುವುದಿಲ್ಲ, ಸಂದರ್ಭದಿಂದ ಊಹಿಸಿಕೊಳ್ಳಬೇಕು. ದಿನನಿತ್ಯದ ಮಾತಿಗೆ ಅದು ಸಾಕು, ಒಂದು ಮಾತಿನಿಂದ ನೆಲ ಕುಸಿಯುವ ಆಟಕ್ಕೆ ಸಾಲದು. 'ನಾನು' ಎಂದೇ ಹೇಳಿಬಿಡಿ ಎಂದು ನಾನು ಸೂಚಿಸಿದಾಗ ಅವರು ಒಪ್ಪಲಿಲ್ಲ, ಒಪ್ಪದಿದ್ದದ್ದೂ ನ್ಯಾಯವೇ.

ಹೊಂಡದಿಂದ ಮೇಲೆ ಬರಲು ಹಗ್ಗ ಹುಡುಕುತ್ತಿದ್ದ ಹೊತ್ತಿನಲ್ಲಿ ಅವರೇ ಹೇಳಿದರು: ತುಳುವಿನಲ್ಲಿ ಈ ತೊಂದರೆ ಇಲ್ಲ. ನೀವಿಲ್ಲದ ನಾವು 'ಎಂಕುಲು', ನೀವೂ ಸೇರಿದ ನಾವು 'ನಮ'. ಎರಡು ಬೇರೆ ಬೇರೆ ಪದಗಳು, ತುಳು ಮಾತಾಡುವ ಮಗುವೂ ಅವನ್ನು ಬೆರೆಸುವುದಿಲ್ಲ. ಜೇನು ತನ್ನನ್ನು ಕುರಿತು ಹೇಳುವಾಗ ಎಂಕುಲು ಎನ್ನುತ್ತದೆ, ಎಲ್ಲರನ್ನೂ ಸೇರಿಸಿ ಹೇಳುವಾಗ ನಮ ಎನ್ನುತ್ತದೆ, ಉಳಿದ ವಾಕ್ಯವೆಲ್ಲ ಕನ್ನಡದಲ್ಲೇ ಇರಲಿ ಎಂದು ತೀರ್ಮಾನವಾಯಿತು. ಉಳಿದ ಮೂವರಿಗೆ ತುಳು ಬಾರದು, ನನಗೂ ಬಾರದು. ಎರಡು ಪದ ಕಲಿಯಲು ಎರಡು ನಿಮಿಷ ಸಾಕಾಯಿತು.

ಗೊಂದಲ ತೀರಿತು. ಆದರೆ ಅದಕ್ಕಿಂತ ಹೆಚ್ಚಿನದೊಂದು, ಯಾರೂ ಯೋಜಿಸದಿದ್ದದ್ದು, ಅಲ್ಲಿಂದ ಆರಂಭವಾಯಿತು. ಮೊದಲ ಕೆಲವು ಸೆಷನ್‌ಗಳಲ್ಲಿ ಜೇನು ಬಹುತೇಕ ಎಂಕುಲು ಎಂದೇ ಹೇಳುತ್ತಿತ್ತು. ಎಂಕುಲು ಕಾವಲಿರುತ್ತೇವೆ. ಎಂಕುಲುಗೆ ಚಳಿ ಆಗದು. ತುಳುವಿನ ವ್ಯಾಕರಣದಂತೆ ಇದು ತಪ್ಪು ರೂಪವೆಂದು ಅವರೇ ನಗುತ್ತಿದ್ದರೂ ಮೇಜಿನ ಮೇಲೆ ಅದೇ ನಿಂತಿತು. ನಮ ಎಂಬುದು ಅಪರೂಪಕ್ಕೆ, ದಾರಿ ಹೇಳುವಾಗಲೋ ಊಟದ ಹೊತ್ತಿಗೋ ಮಾತ್ರ ಬರುತ್ತಿತ್ತು. ಉಳಿದವರು ಅದಕ್ಕೆ ಕಿವಿಗೊಡಲು ಕಲಿತರು. ಜೇನು ಯಾವ ಪದ ಬಳಸಿತೆಂಬುದು ಅದರ ಮನಸ್ಸಿನ ಸ್ಥಿತಿಯನ್ನು ಯಾವ ವರ್ಣನೆಗಿಂತಲೂ ಖಚಿತವಾಗಿ ಹೇಳುತ್ತಿತ್ತು. ಹದಿಮೂರನೆಯ ಸೆಷನ್ನಿನಲ್ಲಿ, ಸುಡುತ್ತಿದ್ದ ದೋಣಿಮನೆಯಲ್ಲಿ ರೋಗ್ ಸಿಕ್ಕಿಬಿದ್ದಿದ್ದ. ಸುತ್ತ ಹೊಗೆ, ಅಲ್ಲಿ ಜೇನು ನಿಷ್ಪ್ರಯೋಜಕವೆಂದು ನಮ್ಮ ನಿಯಮವೇ ಹೇಳುತ್ತಿತ್ತು. ಮರದಾಳು ಹೊರಗೆ ನಿಂತಿತ್ತು. ಏನು ಮಾಡುತ್ತೀರೆಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಶೀಟನ್ನೇ ನೋಡುತ್ತಿದ್ದು, ತಲೆಯೆತ್ತದೆ, "ನಮ ಒಳಗಿದ್ದೇವೆ. ನಮ್ಮವನೊಬ್ಬ ಗೂಡಿಗೆ ಬಂದಿಲ್ಲ" ಎಂದರು. ಒಳಗಿದ್ದವನು ರೋಗ್ ಒಬ್ಬನೇ. ಆ ವಾಕ್ಯದ ಅರ್ಥ ಮೇಜಿಗೆ ಮುಟ್ಟಲು ಒಂದು ಕ್ಷಣ ಹಿಡಿಯಿತು. ಮುಟ್ಟಿದಾಗ ಮೈಸೂರಿನ ಗೆಳೆಯ ಕೈಯಲ್ಲಿದ್ದ ದಾಳವನ್ನು ಕೆಳಗಿಟ್ಟ. ಮರದ ಒಡಲು ಹಿಂಡಿನ ಯಾವ ಬಲವೂ ಇಲ್ಲದೆ ಒಳನುಗ್ಗಿ ಅವನನ್ನು ಎಳೆದು ತಂದಿತು, 9 ಹಿಟ್ ಪಾಯಿಂಟ್‌ನೊಂದಿಗೆ ಹೊರಬಂದಿತು. ಆ ರಾತ್ರಿ ಕೆಲವು ಜೇನುಗಳು ಮರಳಲಿಲ್ಲ. ಹಾಗೆಂದು ಹೇಳಿದವರು ಅವರೇ.

ನಾನು ಮೊದಲ ದಿನವೇ 'ಆಗದು' ಎಂದಿದ್ದರೆ ಕಳೆದುಕೊಳ್ಳುತ್ತಿದ್ದದ್ದು ಇದನ್ನು. ಕೀಟಗಳ ಹಿಂಡಿನ ಸಿದ್ಧ ಲೆಕ್ಕವನ್ನು ಕಣ್ಣುಮುಚ್ಚಿ ಕೊಟ್ಟಿದ್ದರೂ ಇದನ್ನು ಕಳೆದುಕೊಳ್ಳುತ್ತಿದ್ದೆವು, ಏಕೆಂದರೆ ಹಿಡಿಯಲಾಗದ, ಹೆದರಿಸಲಾಗದ ಪಾತ್ರಕ್ಕೆ ಬೆಂಕಿಯ ಮುಂದೆ ನಿಂತು ಯೋಚಿಸುವ ಕಾರಣವೇ ಇರುವುದಿಲ್ಲ.

ಪಾಲು

ಏಳನೆಯ ಲೆವೆಲ್ ಮುಟ್ಟಿ, ಹಿಂಡು ಮರದಾಳನ್ನು ನೆಲದಿಂದ ಎತ್ತಿ ನಿಮಿಷದ ಮಟ್ಟಿಗೆ ತೇಲಿಸಬಲ್ಲದಾದ ಹೊತ್ತಿಗೆ ಅವರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಆಟಗಾರರು ಬಿಟ್ಟುಹೋದಾಗ ಅವರ ಪಾತ್ರವನ್ನು ಏನು ಮಾಡುವುದೆಂಬುದು ಸಾಮಾನ್ಯ ಪಾತ್ರಗಳ ವಿಷಯದಲ್ಲೇ ಇಕ್ಕಟ್ಟಿನದು. ಸಾಯಿಸುವುದು ಒರಟು, ಊರಿಗೆ ಕಳಿಸುವುದು ಸಪ್ಪೆ. ಇಲ್ಲಿ ನಾವು ಹೆಚ್ಚು ಹುಡುಕಬೇಕಾಗಲಿಲ್ಲ. ಕುಟುಂಬ ಬಲಿತು ಗೂಡು ಸಾಲದಾದಾಗ ಜೇನು ಪಾಲಾಗುತ್ತದೆ. ಹಾಗೆ ಪಾಲಾಗುವಾಗ ಮನೆ ಬಿಟ್ಟು ಹೊರಡುವುದು ಹಳೆಯ ರಾಣಿ. ಕಟ್ಟಿದ ಎರಿ, ಕೂಡಿಟ್ಟ ತುಪ್ಪ, ಮರಿಗಳು ಎಲ್ಲವನ್ನೂ ಹೊಸ ರಾಣಿಗೆ ಬಿಟ್ಟು, ಕೆಲಸಗಾರರಲ್ಲಿ ಒಂದು ಪಾಲನ್ನು ಕರೆದುಕೊಂಡು ಹೋಗುತ್ತದೆ. ಕೊನೆಯ ಸೆಷನ್ನಿನ ಅರ್ಧ ಗಂಟೆಯನ್ನು ಅವರಿಗೆ ಬಿಟ್ಟುಕೊಟ್ಟೆ. ಮರದಾಳು ಒಂದು ಆಲದ ಮರದ ಕೆಳಗೆ ಕುಳಿತಿತು, ಎದೆಯ ಕಿಂಡಿಯಿಂದ ಜೇನಿನ ಒಂದು ಪಾಲು ಹೊರಬಂದು ಕೊಂಬೆಗೆ ಗೊಂಚಲಾಗಿ ತೂಗಿ, ಆಮೇಲೆ ಪಶ್ಚಿಮಕ್ಕೆ ಹೊರಟಿತು. ಹೊರಟವು ಎಂಕುಲು ಎಂದು ಏನನ್ನೋ ಹೇಳುತ್ತವೆಂದು ನಾನು ಕಾಯುತ್ತಿದ್ದೆ. ಅವರು ಏನನ್ನೂ ಹೇಳಿಸಲಿಲ್ಲ.

ಮರದಾಳು ಮತ್ತು ಹೊಸ ರಾಣಿಯ ಕುಟುಂಬ ಈಗ ನನ್ನ ಕೈಯಲ್ಲಿವೆ. ನಾನು ಅದರಿಂದ ಹೆಚ್ಚು ಮಾತಾಡಿಸುವುದಿಲ್ಲ. ಎಂಕುಲು ಎಂಬುದನ್ನು ಬಳಸುವುದೇ ಇಲ್ಲ, ಆ ಪದ ಅವರದ್ದು. ಕಳೆದ ಸೆಷನ್ನಿನಲ್ಲಿ ಬೀಗ ಹಾಕಿದ ಬಾಗಿಲೊಂದರ ಮುಂದೆ ನಿಂತಾಗ ಮೈಸೂರಿನ ಗೆಳೆಯ ನನ್ನತ್ತ ಕೈ ಚಾಚಿದ. ನಾನು ಒಂದು ಚೀಟಿ ಹರಿದು ಬಾಣ ಬರೆದು, ಹೆಜ್ಜೆಗಳ ಸಂಖ್ಯೆ ಹಾಕಿ, ಎರಡು ಚುಕ್ಕೆಯಿಟ್ಟು ಕೊಟ್ಟೆ. ಧಾರವಾಡದವರು ಅಷ್ಟರಲ್ಲಿ ದೀಪ ಹಚ್ಚಿಯಾಗಿತ್ತು.